ಹೆಗ್ಗಡೆ, ಹೆಗಡೆ, ಹೆಗ್ಡೆ: ಒಂದು ಹುದ್ದೆ ಅಡ್ಡಹೆಸರಾದ ಬಗೆ

2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಶಾಲಾ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಯ ಜಗಲಿ ಹತ್ತಿದರು. ಅಲ್ಲಿಂದೀಚೆಗೆ ಎಷ್ಟೋ ಮನೆಗಳಲ್ಲಿ ಊಟಕ್ಕೆ ಕುಳಿತಾಗ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ: ನಮ್ಮ ಅಡ್ಡಹೆಸರು ಎಲ್ಲಿಂದ ಬಂತು? ಅದು ಜಾತಿಯ ಹೆಸರೋ, ಊರಿನದೋ, ಕಸುಬಿನದೋ?

ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಒಂದೇ ಒಂದು ಅಡ್ಡಹೆಸರಿನ ಮೂಲಕ ತೋರಿಸಬಹುದು. ಅದಕ್ಕೆ ನಾನು ಆರಿಸಿಕೊಂಡದ್ದು ‘ಹೆಗಡೆ’. ಕಾರಣವಿದೆ. 1983ರಿಂದ 1988ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನವರು, ಹವ್ಯಕ ಬ್ರಾಹ್ಮಣರು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಕಾರ್ಕಳದ ಕಡೆಯವರು, ಬಂಟರು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ ಜೈನರು. ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಹೆಗ್ಡೆ ಚಿಕ್ಕಮಗಳೂರಿನ ಕಾಫಿ ತೋಟದ ಒಕ್ಕಲಿಗ ಮನೆತನದವರು. ಕೊಂಕಣಿ ಮನೆಮಾತಿನ ಗೌಡ ಸಾರಸ್ವತರಲ್ಲಿಯೂ ಹೆಗ್ಡೆಯವರಿದ್ದಾರೆ. ಕೊಡಗಿನಲ್ಲಂತೂ ‘ಹೆಗ್ಗಡೆ’ ಎಂಬುದು ಕೊಡವ ಭಾಷೆಯಾಡುವ ಒಂದು ಪ್ರತ್ಯೇಕ ಸಮುದಾಯದ ಹೆಸರೇ ಆಗಿದೆ.

ಇಷ್ಟು ಬೇರೆ ಬೇರೆ ಜನ ಒಂದೇ ಹೆಸರನ್ನು ಹೊತ್ತಿದ್ದಾರೆ. ಒಬ್ಬರು ಇನ್ನೊಬ್ಬರ ಹೆಸರನ್ನು ಎರವಲು ಪಡೆದರೇ? ಎಲ್ಲರೂ ಒಂದು ಕಾಲದಲ್ಲಿ ಒಂದೇ ಮನೆಯವರಾಗಿದ್ದರೇ? ಎರಡೂ ಅಲ್ಲ.

ಮೇಷ್ಟರ ಮನೆ

ಹಳ್ಳಿಯಲ್ಲಿ ಬೆಳೆದವರಿಗೆ ‘ಮೇಷ್ಟರ ಮನೆ’ ಗೊತ್ತಿರುತ್ತದೆ. ಆ ಮೇಷ್ಟರು ನಿವೃತ್ತರಾಗಿ ನಲವತ್ತು ವರ್ಷವಾಗಿರಬಹುದು, ತೀರಿಕೊಂಡೇ ಇಪ್ಪತ್ತು ವರ್ಷವಾಗಿರಬಹುದು. ಮಗ ಅಡಿಕೆ ವ್ಯಾಪಾರಿ, ಮೊಮ್ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಆದರೂ ದಾರಿ ಕೇಳಿದವರಿಗೆ ಊರಿನವರು ಹೇಳುವುದು ಮೇಷ್ಟರ ಮನೆಯೆಂದೇ. ಹುದ್ದೆ ಹೋಯಿತು, ಹೆಸರು ಉಳಿಯಿತು. ಪಕ್ಕದ ಊರಿನಲ್ಲೂ ಒಂದು ಮೇಷ್ಟರ ಮನೆ ಇರುತ್ತದೆ. ಈ ಎರಡು ಮನೆಗಳಿಗೆ ನೆಂಟಸ್ತಿಕೆ ಇರಬೇಕೆಂದು ಯಾರೂ ಭಾವಿಸುವುದಿಲ್ಲ.

ಕನ್ನಡನಾಡಿನ ಬಹಳಷ್ಟು ಅಡ್ಡಹೆಸರುಗಳು ಹೀಗೆ ಹುಟ್ಟಿದವು. ಊರಿನ ಲೆಕ್ಕಪತ್ರ ನೋಡುತ್ತಿದ್ದವರು ಒಂದು ಸೀಮೆಯಲ್ಲಿ ಕುಲಕರ್ಣಿ, ಇನ್ನೊಂದು ಸೀಮೆಯಲ್ಲಿ ಶಾನುಭೋಗ. ಊರಿನ ಯಜಮಾನಿಕೆ ನಡೆಸಿದವರು ಒಂದೆಡೆ ಪಾಟೀಲ, ಇನ್ನೊಂದೆಡೆ ಗೌಡ. ಶಾಸನಗಳಲ್ಲಿ ‘ಗಾವುಂಡ’ ಎಂದಿರುವುದೇ ಇಂದಿನ ಗೌಡ. ದೇಸಾಯಿ, ದೇಶಪಾಂಡೆ, ನಾಡಿಗ, ಇನಾಮದಾರ, ತಹಶೀಲ್ದಾರ, ಇವೆಲ್ಲವೂ ಒಂದು ಕಾಲದ ಅಧಿಕಾರ ಅಥವಾ ಜವಾಬ್ದಾರಿಯನ್ನು ಹೇಳುವ ಮಾತುಗಳು. ಈ ಹುದ್ದೆಗಳು ತಂದೆಯಿಂದ ಮಗನಿಗೆ, ಕೆಲವೆಡೆ ಮಾವನಿಂದ ಅಳಿಯನಿಗೆ ಬರುತ್ತಿದ್ದುದರಿಂದ ಅವುಗಳ ಜೊತೆಗೆ ಹೆಸರೂ ಮನೆತನಕ್ಕೆ ಅಂಟಿಕೊಂಡಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಹೆಸರುಗಳಿಗೆ ಆ ಕಾಯ್ದೆ ತಟ್ಟಲಿಲ್ಲ.

ಹೆಗಡೆಯೂ ಇದೇ ಗುಂಪಿನ ಹೆಸರು. ಇವುಗಳಲ್ಲಿ ಬಹಳ ಹಳೆಯದು.

ಶಾಸನಗಳಲ್ಲಿ ಪೆರ್ಗಡೆ

ಕಲ್ಯಾಣದ ಚಾಲುಕ್ಯರ ಕಾಲದ, ಅಂದರೆ 11 ಮತ್ತು 12ನೆಯ ಶತಮಾನದ ಶಾಸನಗಳನ್ನು ಓದಿದರೆ ‘ಪೆರ್ಗಡೆ’ ಎಂಬ ಮಾತು ಅಡಿಗಡಿಗೆ ಎದುರಾಗುತ್ತದೆ. ಪೆರ್ ಎಂದರೆ ಹಿರಿದಾದ, ದೊಡ್ಡ. ಪೆರ್ಗಡೆ ಎಂದರೆ ಒಂದು ಇಲಾಖೆಯ ಅಥವಾ ಒಂದು ಪ್ರದೇಶದ ಹಿರಿಯ ಅಧಿಕಾರಿ. ಇಂದು ನಾವು ‘ಮುಖ್ಯಸ್ಥ’ ಎಂಬ ಪದವನ್ನು ಹೇಗೆ ಬಳಸುತ್ತೇವೆಯೋ ಅಂದು ಅದರ ಬಳಕೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಯಾವುದರ ಮುಖ್ಯಸ್ಥ ಎಂಬುದನ್ನು ಅದರ ಹಿಂದೆ ಜೋಡಿಸಿದ ಪದ ಹೇಳುತ್ತಿತ್ತು.

ಸುಂಕದ ಆಡಳಿತ ನೋಡುವವನು ‘ಸುಂಕವೆರ್ಗಡೆ’. ಅರಮನೆಯ ಒಳಾಡಳಿತ ನೋಡುವವನು ‘ಮನೆವೆರ್ಗಡೆ’. ಕಡತ ಎಂದು ನಾವು ಇಂದಿಗೂ ಕಚೇರಿಗಳಲ್ಲಿ ಹೇಳುತ್ತೇವಲ್ಲ, ಆ ಕಡತಗಳ ಹೊಣೆ ಹೊತ್ತವನು ‘ಕಡಿತವೆರ್ಗಡೆ’. ಇವರು ರಾಜರಲ್ಲ, ಸಾಮಂತರೂ ಅಲ್ಲ. ಲೆಕ್ಕ ಇಡುವ, ವಸೂಲಿ ಮಾಡಿಸುವ, ದಾನ ಕೊಟ್ಟ ಭೂಮಿಯ ಎಲ್ಲೆ ಗುರುತಿಸುವ, ಆಡಳಿತದ ಗಾಲಿ ಉರುಳಿಸುತ್ತಿದ್ದ ಜನ.

ಈ ಪದಗಳಲ್ಲಿ ಪೆರ್ಗಡೆಯ ‘ಪ’ ಎಲ್ಲಿ ಹೋಯಿತು ಎಂದು ಕೇಳಬಹುದು. ಹೈಸ್ಕೂಲಿನಲ್ಲಿ ಓದಿದ ಆದೇಶ ಸಂಧಿಯನ್ನು ನೆನಪಿಸಿಕೊಂಡರೆ ಸಾಕು. ಕೆನೆ ಮತ್ತು ಪಾಲ್ ಸೇರಿ ಕೆನೆವಾಲ್ ಆಗುತ್ತದೆ. ಮನೆ ಮತ್ತು ಪೆರ್ಗಡೆ ಸೇರಿ ಮನೆವೆರ್ಗಡೆ ಆದದ್ದು ಅದೇ ನಿಯಮದಿಂದ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಸೂತ್ರ ಸಾವಿರ ವರ್ಷದ ಹಿಂದಿನ ಸರ್ಕಾರಿ ಹುದ್ದೆಯೊಂದನ್ನು ನಮಗೆ ಬಿಡಿಸಿ ತೋರಿಸುತ್ತದೆ. ನನಗೆ ಇದು ಪ್ರತಿ ಸಲವೂ ಹೊಸದಾಗಿ ಸಂತೋಷ ಕೊಡುವ ವಿಷಯ.

‘ಪ’ ಹೋಗಿ ‘ಹ’ ಬಂತು

ಹಳಗನ್ನಡದ ಪದಗಳ ಮೊದಲಿನ ‘ಪ’ಕಾರ ಕಾಲಕ್ರಮದಲ್ಲಿ ‘ಹ’ಕಾರವಾಯಿತು. 10ನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣತೊಡಗಿದ ಈ ಬದಲಾವಣೆ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪೊಲ ಹೊಲವಾಯಿತು. ‘ಹೆಸರು’ ಎಂಬ ಪದವೇ ಮೊದಲು ‘ಪೆಸರ್’ ಆಗಿತ್ತು. ತಮಿಳು, ತೆಲುಗು, ತುಳು ಈ ದಾರಿ ಹಿಡಿಯಲಿಲ್ಲ. ತಮಿಳಿನಲ್ಲಿ ಹೆಸರು ಇಂದಿಗೂ ‘ಪೆಯರ್’, ತೆಲುಗಿನಲ್ಲಿ ‘ಪೇರು’, ತುಳುವಿನಲ್ಲಿ ‘ಪುದರ್’.

ಎರಡನೆಯ ಬದಲಾವಣೆ ನಡುವಿನ ‘ರ್’ಗೆ ಸಂಬಂಧಿಸಿದ್ದು. ‘ರ್’ ಮುಂದಿನ ವ್ಯಂಜನದಲ್ಲಿ ಕರಗಿ ಆ ವ್ಯಂಜನವೇ ಎರಡಾಯಿತು. ಪೆರ್ಗಡೆ ಹೆರ್ಗಡೆಯಾಗಿ ಹೆಗ್ಗಡೆಯಾಯಿತು. ಇದನ್ನು ಮನದಟ್ಟು ಮಾಡಿಕೊಳ್ಳಲು ದಿನವೂ ಆಡುವ ಪದಗಳೇ ಸಾಕು: ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು, ಹೆಮ್ಮರ, ಹೆಬ್ಬುಲಿ. ಹೆದ್ದಾರಿಯೆಂದರೆ ದೊಡ್ಡ ದಾರಿ, ಹೆಬ್ಬೆರಳೆಂದರೆ ದೊಡ್ಡ ಬೆರಳು. ಹೆಗ್ಗಡೆಯ ‘ಹೆ’ಯೂ ಅದೇ ಪೆರ್. ಕರಾವಳಿಯ ಇನ್ನೊಂದು ಅಡ್ಡಹೆಸರಾದ ‘ಹೆಬ್ಬಾರ’ದಲ್ಲಿಯೂ ಇದೇ ಇದೆ: ಪೆರ್ ಮತ್ತು ಪಾರ್ವ ಸೇರಿ ಹೆಬ್ಬಾರುವ, ಅಂದರೆ ಹಿರಿಯ ಹಾರುವ, ಬ್ರಾಹ್ಮಣರ ಮುಖ್ಯಸ್ಥ.

ಮೂರನೆಯದು ಬಾಯಿಯ ಸರಾಗ. ಹೆಗ್ಗಡೆಯ ಒತ್ತಕ್ಷರ ಸಡಿಲಾಗಿ ಉತ್ತರ ಕನ್ನಡದ ಕಡೆ ‘ಹೆಗಡೆ’ಯಾಯಿತು. ಉಡುಪಿ, ದಕ್ಷಿಣ ಕನ್ನಡದ ಕಡೆ ನಡುವಿನ ಸ್ವರವೇ ಬಿದ್ದುಹೋಗಿ ‘ಹೆಗ್ಡೆ’ಯಾಯಿತು. ಧರ್ಮಸ್ಥಳದಲ್ಲಿ, ಕೊಡಗಿನಲ್ಲಿ ಹಳೆಯ ರೂಪವಾದ ‘ಹೆಗ್ಗಡೆ’ಯೇ ನಿಂತಿದೆ. ಪತ್ರಿಕೆಗಳು ಈ ವ್ಯತ್ಯಾಸವನ್ನು ಎಚ್ಚರದಿಂದ ಪಾಲಿಸುತ್ತವೆ, ಪಾಲಿಸಲೇಬೇಕು. ಸಿರ್ಸಿಯವರನ್ನು ಹೆಗ್ಡೆ ಎಂದೂ ಕುಂದಾಪುರದವರನ್ನು ಹೆಗಡೆ ಎಂದೂ ಅಚ್ಚು ಮಾಡಿದರೆ ಓದುಗರ ಪತ್ರ ಬರುತ್ತದೆ. ಪಾಸ್‌ಪೋರ್ಟಿನ ಇಂಗ್ಲಿಷಿನಲ್ಲಿ ಮಾತ್ರ ಹೆಗಡೆ, ಹೆಗ್ಡೆ ಎರಡೂ ಸಾಮಾನ್ಯವಾಗಿ ಒಂದೇ ಕಾಗುಣಿತಕ್ಕೆ ಇಳಿಯುತ್ತವೆ. ಹೊರದೇಶಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತಮ್ಮದು ಯಾವ ಹೆಗಡೆ ಎಂಬುದು ಅಜ್ಜಿಯನ್ನು ಕೇಳದೆ ತಿಳಿಯುವುದಿಲ್ಲ.

ನೆರೆಯ ತೆಲುಗಿನಲ್ಲಿ ಇದೇ ಪದ ಬೇರೆ ದಾರಿ ಹಿಡಿದು ‘ಪ್ರೆಗ್ಗಡ’ವಾಯಿತು. ಮಂತ್ರಿ, ಹಿರಿಯ ಅಧಿಕಾರಿ ಎಂಬುದೇ ಅಲ್ಲಿಯೂ ಅದರ ಅರ್ಥ. ತೆಲುಗು ಮಹಾಭಾರತವನ್ನು ಪೂರ್ಣಗೊಳಿಸಿದ 14ನೆಯ ಶತಮಾನದ ಕವಿ ಎರ್ರನನ ಪೂರ್ಣ ಹೆಸರು ಎರ್ರಾಪ್ರೆಗ್ಗಡ. ಆ ‘ಪ್ರೆಗ್ಗಡ’ಕ್ಕೂ ನಮ್ಮ ಯಕ್ಷಗಾನದ ಹೆಗಡೆಯವರಿಗೂ ಪದದ ನೆಂಟಸ್ತಿಕೆ ಇದೆ.

ಒಂದು ಹುದ್ದೆಗೆ ಹಲವು ಜನ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪೆರ್ಗಡೆ ಎಂಬುದು ಹುದ್ದೆಯಾಗಿದ್ದರೆ ಆಯಾ ಊರಿನಲ್ಲಿ ಆಡಳಿತದ ಹೊಣೆ ಯಾರ ಕೈಗೆ ಬಂತೋ ಅವರೇ ಹೆಗ್ಗಡೆಗಳು. ತುಳುನಾಡಿನಲ್ಲಿ ಭೂಮಿ ಮತ್ತು ಊರಿನ ಯಜಮಾನಿಕೆ ಬಹುಮಟ್ಟಿಗೆ ಬಂಟರ ಮತ್ತು ಜೈನರ ಬೀಡು, ಗುತ್ತು ಎಂಬ ದೊಡ್ಡ ಮನೆತನಗಳಲ್ಲಿತ್ತು. ಹಾಗಾಗಿ ಅಲ್ಲಿ ಅವರು ಹೆಗ್ಡೆಯಾದರು. ಮಲೆನಾಡಿನ ಒಕ್ಕಲಿಗ ಯಜಮಾನರಿಗೂ ಅದೇ ಮಾತು ಸಂದಿತು. ಸಿರ್ಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆ ಅಡಿಕೆ ತೋಟದ ಹವ್ಯಕರಲ್ಲಿ ಪೌರೋಹಿತ್ಯ ನಡೆಸಿದ ಮನೆಗಳು ಭಟ್ಟ, ಶಾಸ್ತ್ರಿ, ಜೋಶಿ ಎನಿಸಿಕೊಂಡವು. ಊರಿನ ಲೌಕಿಕ ವ್ಯವಹಾರ ನೋಡಿಕೊಂಡ ಮನೆಗಳು ಹೆಗಡೆ ಎನಿಸಿಕೊಂಡವು. ಆದ್ದರಿಂದಲೇ ಅಲ್ಲಿ ಭಟ್ಟರೂ ಹೆಗಡೆಯವರೂ ಒಂದೇ ಸಮುದಾಯ. ಅವರ ನಡುವೆ ಹೆಣ್ಣು ಕೊಟ್ಟು ತರುವುದು ತೀರ ಸಾಮಾನ್ಯ.

ಆದ್ದರಿಂದ ‘ಹೆಗಡೆ ಎಂದರೆ ಯಾವ ಜಾತಿ’ ಎಂಬ ಪ್ರಶ್ನೆ, ‘ಮ್ಯಾನೇಜರ್ ಎಂದರೆ ಯಾವ ಜಾತಿ’ ಎಂಬ ಪ್ರಶ್ನೆಯ ಹಾಗೆ. ಉತ್ತರ ಹೆಸರಿನಲ್ಲಿಲ್ಲ, ಊರಿನಲ್ಲಿದೆ.

ಈ ಪದ ನೆಲಕ್ಕೂ ಅಂಟಿಕೊಂಡಿದೆ. ಕುಮಟಾ ಬಳಿ ‘ಹೆಗಡೆ’ ಎಂಬ ಹೆಸರಿನ ಊರೇ ಇದೆ. ಮೈಸೂರಿನಿಂದ ಕಾಡಿನ ಕಡೆಗೆ ಹೊರಡುವ ಬಸ್ಸುಗಳ ಮೇಲೆ ‘ಎಚ್.ಡಿ. ಕೋಟೆ’ ಎಂದು ಬರೆದಿರುತ್ತದೆಯಲ್ಲ, ಅದನ್ನು ಬಿಡಿಸಿದರೆ ಹೆಗ್ಗಡದೇವನ ಕೋಟೆ.

ಧರ್ಮಸ್ಥಳದಲ್ಲಿ ಅದು ಇನ್ನೂ ಪದವಿ

ಹುದ್ದೆಯು ಅಡ್ಡಹೆಸರಾಗಿ ಮಾರ್ಪಡುವ ಮೊದಲು ಹೇಗಿತ್ತು ಎಂಬುದನ್ನು ಇಂದಿಗೂ ಕಣ್ಣಾರೆ ನೋಡಬಹುದಾದ ಜಾಗ ಧರ್ಮಸ್ಥಳ. ಸುಮಾರು 800 ವರ್ಷಗಳ ಹಿಂದೆ, ಆ ಊರಿಗೆ ಕುಡುಮ ಎಂದು ಹೆಸರಿದ್ದ ಕಾಲದಲ್ಲಿ, ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿಯಿದ್ದರೆಂದು ಕ್ಷೇತ್ರದ ಐತಿಹ್ಯ ಹೇಳುತ್ತದೆ. ಐತಿಹ್ಯದಲ್ಲಿ ಹೆಸರು ಹಳೆಯ ‘ಪೆರ್ಗಡೆ’ಯಾಗಿಯೇ ಉಳಿದಿರುವುದನ್ನು ಗಮನಿಸಿ. ತುಳುನಾಡಿನ ನಾಲಗೆ ‘ಪ’ಕಾರವನ್ನು ಕೈಬಿಡಲಿಲ್ಲ.

ಅಲ್ಲಿ ಪಟ್ಟವೇರಿದವರು ಹೆಗ್ಗಡೆ. 1968ರ ಅಕ್ಟೋಬರ್ 24ರಂದು, 20ನೆಯ ವಯಸ್ಸಿನಲ್ಲಿ ಧರ್ಮಾಧಿಕಾರಿಯಾದಾಗ ವೀರೇಂದ್ರ ಕುಮಾರ್ ಅವರು ವೀರೇಂದ್ರ ಹೆಗ್ಗಡೆಯಾದರು. ಅವರ ತಂದೆ ರತ್ನವರ್ಮ ಹೆಗ್ಗಡೆ, ಅವರೂ ಪಟ್ಟದಲ್ಲಿದ್ದವರು. ಆದರೆ ವೀರೇಂದ್ರ ಹೆಗ್ಗಡೆಯವರ ಸಹೋದರರ ಹೆಸರಿನ ಕೊನೆಯಲ್ಲಿ ‘ಹೆಗ್ಗಡೆ’ ಇಲ್ಲ, ‘ಕುಮಾರ್’ ಎಂದೇ ಇದೆ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಆ ಹೆಸರು. ಅಂದರೆ ಅದು ರಕ್ತದಿಂದ ತಾನಾಗಿ ಬರುವುದಲ್ಲ, ಪೀಠದಿಂದ ಬರುವುದು. ಭಕ್ತರು ಅವರನ್ನು ಖಾವಂದರು ಎಂದು ಕರೆಯುವುದೂ ಆ ಪೀಠಕ್ಕೆ ಸಲ್ಲುವ ಮರ್ಯಾದೆ.

ಹೆಗ್ಗಡಿತಿ ಎಲ್ಲಿ ಹೋದಳು

ಇನ್ನೊಂದು ಸಾಕ್ಷಿ ಸ್ತ್ರೀಲಿಂಗ ರೂಪದ್ದು. ಪದವಿಸೂಚಕ ಪದಕ್ಕೆ ಕನ್ನಡದಲ್ಲಿ ಹೆಣ್ಣಿನ ರೂಪ ಇರುತ್ತದೆ: ಅರಸ, ಅರಸಿ, ಒಡೆಯ, ಒಡತಿ. ಹಾಗೆಯೇ ಹೆಗ್ಗಡೆ, ಹೆಗ್ಗಡಿತಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದು 1936ರಲ್ಲಿ. ಅದರಲ್ಲಿ ಹೆಗ್ಗಡಿತಿ ಸುಬ್ಬಮ್ಮ. ಅವಳ ಗಂಡ ಚಂದ್ರಯ್ಯಗೌಡ. ಗಂಡ ಗೌಡ, ಹೆಂಡತಿ ಹೆಗ್ಗಡಿತಿ! ಇಂದಿನ ಅರ್ಜಿ ನಮೂನೆಗಳ ಕಣ್ಣಿನಿಂದ ನೋಡಿದರೆ ಗಂಡಹೆಂಡಿರ ಅಡ್ಡಹೆಸರು ಬೇರೆಬೇರೆಯಾಗಿ ಕಾಣುತ್ತದೆ. ಆದರೆ ಮಲೆನಾಡಿನ ಆ ಲೋಕದಲ್ಲಿ ಎರಡೂ ಅಡ್ಡಹೆಸರುಗಳಲ್ಲ. ಮನೆಯ ಯಜಮಾನ ಗೌಡ, ಯಜಮಾನಿ ಹೆಗ್ಗಡಿತಿ.

ಇವತ್ತು ಸಿರ್ಸಿಯ ಹುಡುಗಿಯೊಬ್ಬಳು ತನ್ನ ಹೆಸರಿನ ಮುಂದೆ ‘ಹೆಗಡೆ’ ಎಂದೇ ಬರೆಯುತ್ತಾಳೆ. ಮುಂಬಯಿಯ ತುಳು ಮನೆಯಲ್ಲಿ ಹುಟ್ಟಿದ ನಟಿ ಪೂಜಾ ಹೆಗ್ಡೆಯ ಹೆಸರೂ ಹಾಗೆಯೇ. ಲಿಂಗಕ್ಕೆ ತಕ್ಕಂತೆ ರೂಪ ಬದಲಾಯಿಸುವುದನ್ನು ಪದ ನಿಲ್ಲಿಸಿದಾಗ ಅದು ಹುದ್ದೆಯಾಗಿ ಉಳಿದಿಲ್ಲ, ಅಡ್ಡಹೆಸರಾಗಿ ಗಟ್ಟಿಯಾಗಿದೆ ಎಂದು ತಿಳಿಯಬಹುದು. ಅದನ್ನು ಗಟ್ಟಿ ಮಾಡಿದ್ದು ಶಾಲೆಯ ದಾಖಲಾತಿ ಪುಸ್ತಕ, ಜಮೀನಿನ ಪತ್ರ ಮತ್ತು ಸರ್ಕಾರಿ ನಮೂನೆಗಳು.

ಮುಂದಿರುವ ಅಕ್ಷರಗಳನ್ನು ಓದಿ

ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ ಸೀಮೆ ಬ್ರಿಟಿಷರ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತು. ಮುಂದೆ ಅದು ಎರಡು ಜಿಲ್ಲೆಗಳಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಎರಡೂ ಮತ್ತೆ ಒಂದೇ ರಾಜ್ಯದಲ್ಲಿ ಕೂಡಿದ್ದು 1956ರಲ್ಲಿ.

ಮುಂಬಯಿಯ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ರಾಮಕೃಷ್ಣ ಹೆಗಡೆಯವರ ಪೂರ್ಣ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಮದ್ರಾಸಿನ ಕಡೆಯಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ. ಕೆ.ಎಸ್. ಹೆಗ್ಡೆ ಎಂದರೆ ಕೌಡೂರು ಸದಾನಂದ ಹೆಗ್ಡೆ. ಕೌಡೂರು ಅವರ ಊರು. 2021ರಲ್ಲಿ ಪದ್ಮವಿಭೂಷಣ ಪಡೆದ ಹೃದ್ರೋಗ ತಜ್ಞ ಡಾ. ಬಿ.ಎಂ. ಹೆಗ್ಡೆ ಎಂದರೆ ಬೆಳ್ಳೆ ಮೋನಪ್ಪ ಹೆಗ್ಡೆ; ಬೆಳ್ಳೆ ಉಡುಪಿಯ ಬಳಿಯ ಹಳ್ಳಿ.

ಯಕ್ಷಗಾನದವರಲ್ಲಿ ಇದು ಇನ್ನೂ ಸ್ಪಷ್ಟ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಶಿವರಾಮ ಹೆಗಡೆಯವರನ್ನೂ ಅವರ ಮಗ ಶಂಭು ಹೆಗಡೆಯವರನ್ನೂ ಜನ ಗುರುತಿಸುವುದು ‘ಕೆರೆಮನೆ’ಯಿಂದ. 2012ರಲ್ಲಿ ಪದ್ಮಶ್ರೀ ಪಡೆದ ರಾಮಚಂದ್ರ ಹೆಗಡೆಯವರನ್ನು ‘ಚಿಟ್ಟಾಣಿ’ ಎಂದರೆ ಸಾಕಿತ್ತು. ಹೆಗಡೆ ಎಂಬ ಪದವನ್ನು ಸೇರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಊರು ತುಂಬ ಹೆಗಡೆಗಳೇ ಇರುವಾಗ ಬರಿಯ ‘ಹೆಗಡೆ’ಯಿಂದ ಯಾರು ಎಂದು ತಿಳಿಯುವುದಾದರೂ ಹೇಗೆ? ಮನೆ ಯಾವುದು, ಊರು ಯಾವುದು ಎಂಬುದೇ ಅಲ್ಲಿ ನಿಜವಾದ ಗುರುತು.

ಹೆಗ್ಡೆಗೂ ಹೆಗ್ಡೆಗೂ ಮದುವೆ

ಒಂದೇ ಅಡ್ಡಹೆಸರಿನವರು ಅಣ್ಣತಂಗಿಯರ ಸಮಾನ, ಮದುವೆಯಾಗಬಾರದು ಎಂಬ ನಂಬಿಕೆ ಕೆಲವು ಕಡೆ ಇದೆ. ಹೆಗಡೆಯವರ ವಿಷಯದಲ್ಲಿ ಅದು ಹೊಂದುವುದಿಲ್ಲ. ಹವ್ಯಕರು ನೋಡುವುದು ಗೋತ್ರವನ್ನು. ಗೋತ್ರ ಬೇರೆಯಾಗಿದ್ದರೆ ಇಬ್ಬರೂ ಹೆಗಡೆ ಎಂಬುದು ಅಡ್ಡಿಯಲ್ಲ.

ಬಂಟರು ನೋಡುವುದು ಬಳಿಯನ್ನು, ಅಂದರೆ ವಂಶದ ಕವಲನ್ನು. ತುಳುವಿನಲ್ಲಿ ‘ಬರಿ’ ಎನ್ನುವ ಈ ಬಳಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಆಸ್ತಿಯೂ ಯಜಮಾನಿಕೆಯೂ ತಾಯಿಯ ಕಡೆಯಿಂದ ಹರಿಯುತ್ತಿದ್ದವು. ಅದಕ್ಕೆ 1949ರಲ್ಲಿ ಮದ್ರಾಸ್ ಸರ್ಕಾರ ಒಂದು ಕಾಯ್ದೆಯನ್ನೇ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಆಸ್ತಿಯ ಹಂಚಿಕೆ ಬದಲಾಯಿತು. ಬಳಿ ಮಾತ್ರ ಬದಲಾಗಲಿಲ್ಲ. ತಂದೆ ಶೆಟ್ಟಿ, ತಾಯಿ ಹೆಗ್ಡೆ ಆಗಿರುವ ಮನೆಗಳು ಎಷ್ಟೋ ಇವೆ. ಮಕ್ಕಳು ಯಾವ ಅಡ್ಡಹೆಸರು ಬರೆದುಕೊಂಡರೂ ಅವರ ಬಳಿ ತಾಯಿಯದೇ. ಇಬ್ಬರು ಹೆಗ್ಡೆಗಳ ಬಳಿ ಬೇರೆಯಾಗಿದ್ದರೆ ಮದುವೆಗೆ ತೊಂದರೆಯಿಲ್ಲ. ಒಬ್ಬ ಶೆಟ್ಟಿ, ಒಬ್ಬ ಹೆಗ್ಡೆಯ ಬಳಿ ಒಂದೇ ಆಗಿದ್ದರೆ ಹಿರಿಯರು ಒಪ್ಪುವುದಿಲ್ಲ.

ನಿಮ್ಮ ಮನೆಯ ಹೆಸರನ್ನು ಹುಡುಕುವುದಾದರೆ

ಹೆಗಡೆಗೆ ಅನ್ವಯಿಸಿದ ಈ ಕ್ರಮವನ್ನು ಬೇರೆ ಅಡ್ಡಹೆಸರುಗಳಿಗೂ ಅನ್ವಯಿಸಬಹುದು. ಮೊದಲು ಪದವನ್ನು ಬಿಡಿಸಿ. ‘ಹ’ದಿಂದ ಶುರುವಾಗುವ ಅಚ್ಚ ಕನ್ನಡ ಪದವಾದರೆ ಅದನ್ನು ‘ಪ’ ಮಾಡಿ ಓದಿ ನೋಡಿ. ಹಳೆಯ ರೂಪ ಸಿಗಬಹುದು. ಆ ರೂಪ ಶಾಸನಗಳಲ್ಲಿದೆಯೇ ಎಂದು ಹುಡುಕಬಹುದು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಸಾವಿರಾರು ಶಾಸನಗಳ ಪಾಠವಿದೆ. ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಜೋಡಿಸಿರುವುದರಿಂದ ನಿಮ್ಮ ಊರಿನ ಆಸುಪಾಸಿನ ಕಲ್ಲುಗಳನ್ನು ಹುಡುಕುವುದು ಕಷ್ಟವಲ್ಲ.

ಆದರೆ ಶಾಸನದಲ್ಲಿ ಒಬ್ಬ ಪೆರ್ಗಡೆ ಸಿಕ್ಕಿದ ಮಾತ್ರಕ್ಕೆ ಅವನು ನಿಮ್ಮ ಪೂರ್ವಜನಾಗುವುದಿಲ್ಲ. ಈ ತಪ್ಪನ್ನು ಬಹಳ ಜನ ಪ್ರೀತಿಯಿಂದಲೇ ಮಾಡುತ್ತಾರೆ. ಪದದ ಚರಿತ್ರೆ ಒಂದು, ಮನೆಯ ಚರಿತ್ರೆ ಇನ್ನೊಂದು. ಎರಡನೆಯದಕ್ಕೆ ಬೇಕಾದದ್ದು ಹಳೆಯ ಪಹಣಿ, ಪಾಲುಪತ್ರ, ಅಜ್ಜನ ಶಾಲೆಯ ದಾಖಲೆ. ಅವುಗಳಲ್ಲಿ ಅಡ್ಡಹೆಸರು ಯಾವ ತಲೆಮಾರಿನಿಂದ ಕಾಣಿಸಿಕೊಳ್ಳುತ್ತದೆ, ಅದಕ್ಕೂ ಹಿಂದೆ ಏನೆಂದು ಬರೆದಿದೆ ಎಂಬುದನ್ನು ನೋಡಬೇಕು.

ಕರಾವಳಿಯವರಿಗೆ ಇನ್ನೊಂದು ದಾರಿಯಿದೆ. ಕುಟುಂಬಗಳು ಘಟ್ಟದ ಮೇಲಕ್ಕೋ ಮುಂಬಯಿಗೋ ಹೋಗಿ ಎಷ್ಟು ತಲೆಮಾರು ಕಳೆದಿದ್ದರೂ ಮೂಲ ನಾಗಬನದ, ಅಂದರೆ ಮನೆತನದವರು ನಾಗನನ್ನು ಪೂಜಿಸುವ ಬನದ ನೆನಪು ಸುಲಭಕ್ಕೆ ಅಳಿಯುವುದಿಲ್ಲ. ನಾಗರಪಂಚಮಿಗೆ ತನು ಎರೆಯಲು (ನಾಗನಿಗೆ ಹಾಲೆರೆಯಲು) ಯಾವ ಊರಿನ ಯಾವ ಬನಕ್ಕೆ ಹೋಗುತ್ತಿದ್ದರು, ಅಲ್ಲಿಗೆ ಇನ್ನೂ ಯಾವ ಯಾವ ಮನೆಯವರು ಬರುತ್ತಿದ್ದರು ಎಂದು ಮನೆಯ ಅಜ್ಜಿಯನ್ನು ಕೇಳಿ. ಆ ಬನಕ್ಕೆ ಬರುವವರಲ್ಲಿ ಕೆಲವರು ಹೆಗ್ಡೆ, ಕೆಲವರು ಶೆಟ್ಟಿ, ಕೆಲವರು ರೈ ಎಂದು ಬರೆದುಕೊಳ್ಳುತ್ತಿರಬಹುದು.